ಖತಾವಣಿ ಕಡಿದ ಕಿರ್ದಿ

ನಾವು ಮೆಟ್ರಿಕ್ ಮುಗಿಸಿ ಅಕ್ಕಲಕೋಟೆಯ ಅಂಗಡಿಯ ಗಾದಿಯ ಮೇಲೆ ಕುಳಿತವರು. ಕಂಪ್ಯೂಟರು ನಮಗೆ ಒಗ್ಗಿದ ವಿಷಯವಲ್ಲ. ಆದರೂ ಹೋದ ವರ್ಷ ಮನೆಯಲ್ಲಿ ನಡೆದ ಒಂದು ಸಂಗತಿ, ಮಕ್ಕಳು ಸೊಸೆಯಂದಿರು ಓದುತ್ತಿರುವ ಮನೆಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮ ಕಿರಿಯ ಸೊಸೆ ಜೈನ ಶಾಸನಗಳ ಮೇಲೆ ಪಿಎಚ್.ಡಿ. ಪ್ರಬಂಧ ಬರೆಯಲು ಹೊರಟಾಗ, "ಎರಡು ಮಕ್ಕಳ ತಾಯಿಗೆ ಇದೆಲ್ಲ ಯಾಕೆ?" ಎಂದವರು ನಾವೇ. ಅವಳು ಎದುರಾಡಲಿಲ್ಲ. ಮಕ್ಕಳು ಮಲಗಿದ ಮೇಲೆ ಬರೆಯುತ್ತ ನಾಲ್ಕು ವರ್ಷ ಕಳೆದಳು.

ಪ್ರಬಂಧದಲ್ಲಿ ಪ್ರತಿ ಮಾತಿಗೂ ಆಧಾರ ತೋರಿಸಬೇಕು. ಪಿ.ಬಿ. ದೇಸಾಯಿಯವರ ಗ್ರಂಥ, 1957ರಲ್ಲಿ ನಮ್ಮ ಸೋಲಾಪುರದಲ್ಲೇ ಪ್ರಕಟವಾದದ್ದು, ಅದರ ಇಂಥ ಪುಟ ಎಂದು. ಈ ಕೆಲಸಕ್ಕೆ ಝೊಟೆರೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ, ಬರಹ ಕಿರ್ದಿ, ಝೊಟೆರೋ ಖತಾವಣಿ. ಎರಡಕ್ಕೂ ಒಳಗೆ ಕೊಂಡಿ ಇರುತ್ತದೆ. ನಡುವೆ ಹೊಸ ಆಧಾರ ಸೇರಿಸಿದರೆ ಮುಂದಿನ ಸಂಖ್ಯೆಗಳೆಲ್ಲ ತಾವೇ ಬದಲಾಗುತ್ತವೆ, ಕೊನೆಯ ಗ್ರಂಥಪಟ್ಟಿಯೂ ತಾನೇ ಸಿದ್ಧವಾಗುತ್ತದೆ.

ಸೊಸೆ ಬರೆದದ್ದು ಲಿಬ್ರೆ ಆಫೀಸಿನಲ್ಲಿ. ಮಾರ್ಗದರ್ಶಕರು ವರ್ಡ್ ಫೈಲ್ ಕೇಳಿದರು. ಹಾಗೆಯೇ ಬದಲಿಸಿ ಕಳಿಸಿದಳು. ತಿದ್ದುಪಡಿಯಾಗಿ ಬಂದ ಫೈಲಿನಲ್ಲಿ ಒಂದು ಆಧಾರ ಸೇರಿಸಿದರೆ ಅದಕ್ಕೆ 1 ಎಂಬ ಸಂಖ್ಯೆ ಬಂತು! ಹಳೆಯ 212 ಉಲ್ಲೇಖಗಳು ಕಣ್ಣಿಗೆ ಇದ್ದವು, ಕೊಂಡಿ ಕಡಿದಿತ್ತು. ಸಲ್ಲಿಸಲು ಎಂಟೇ ದಿನ. "ಎಲ್ಲಾ ಹೋತ್ರಿ ಮಾಮಾ, ಸಾಕಿನ್ನ" ಎಂದು ಅತ್ತಳು.

ಹಳೆಯ ಮಾತು ನಮ್ಮನ್ನು ಚುಚ್ಚಿತು. "ಅಳಬ್ಯಾಡವಾ, ಹಳೇ ವಹಿ ಎಲ್ಲಿ ಐತಿ?" ಎಂದೆವು. ಪೆನ್ ಡ್ರೈವಿನಲ್ಲಿ ಲಿಬ್ರೆ ಆಫೀಸಿನ ಮೂಲ ಪ್ರತಿ ಹಾಗೇ ಇತ್ತು. ಸೋಲಾಪುರದಿಂದ ಫೋನಿನಲ್ಲಿ ಮೊಮ್ಮಗ ಕಾರಣ ತಿಳಿಸಿದ: ಲಿಬ್ರೆ ಆಫೀಸಿನ ಗುರುತುಗಳು ವರ್ಡ್ ಫೈಲಿನಲ್ಲಿ ಉಳಿಯುವುದಿಲ್ಲ. ಮೂಲ ಪ್ರತಿಯ ನಕಲು ತೆಗೆದು, ಝೊಟೆರೋದ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ 'ಸ್ವಿಚ್ ಟು ಎ ಡಿಫರೆಂಟ್ ವರ್ಡ್ ಪ್ರೊಸೆಸರ್' ಒತ್ತಬೇಕು. ಉಲ್ಲೇಖಗಳ ಜಾಗದಲ್ಲಿ ಅರ್ಥವಾಗದ ಉದ್ದುದ್ದ ಅಕ್ಷರಗಳು ಬರುತ್ತವೆ, ಹೆದರಬಾರದು. ಅದನ್ನು ವರ್ಡ್ ಫೈಲಾಗಿ ಉಳಿಸಿ, ವರ್ಡ್‌ನಲ್ಲಿ ತೆರೆದು 'ರಿಫ್ರೆಶ್' ಕೊಡಬೇಕು. ಕೊಟ್ಟಳು. 212 ಕೊಂಡಿಗಳೂ ಮರಳಿದವು.

ಮಾರ್ಗದರ್ಶಕರ ತಿದ್ದುಪಡಿಗಳನ್ನು ಮಾತ್ರ ಮತ್ತೆ ಸೇರಿಸಬೇಕಾಯಿತು. ಸಂಜೆಯ ಊಟ ಮುಗಿಸಿ ಕೂತು, ನಾವು ಕನ್ನಡಕ ಹಾಕಿ ಅಚ್ಚು ಪ್ರತಿಯಿಂದ ಓದಿ ಹೇಳಿದೆವು, ಅವಳು ಬೆರಳಚ್ಚು ಮಾಡಿದಳು. ಹೀಗೆ ಮೂರು ರಾತ್ರಿ. ನಾಲ್ಕು ವರ್ಷ ಅವಳು ಏನು ಬರೆಯುತ್ತಿದ್ದಳೆಂದು ನಮಗೆ ಆಗಲೇ ಗೊತ್ತಾದದ್ದು. ನಮ್ಮ ಸುತ್ತಿನ ಊರುಗಳ ಕಲ್ಲುಗಳಲ್ಲಿ ನಮ್ಮಂಥ ವ್ಯಾಪಾರಿಗಳು ಬಸದಿಗೆ ಕೊಟ್ಟ ದಾನದ ಲೆಕ್ಕ ಅದರಲ್ಲಿತ್ತು. ಓದುತ್ತ ಒಂದೆರಡು ಸಲ ನಮ್ಮ ದನಿ ನಿಂತಿತು.

ಪ್ರಬಂಧ ಹೇಳಿದ ದಿನಕ್ಕೇ ಸಲ್ಲಿಕೆಯಾಯಿತು.

ಓದುಗ ಬಂಧುಗಳೇ, ಇದರಲ್ಲಿ ದೋಷ ಯಂತ್ರದ್ದಲ್ಲ, ಕೇಳದೆ ಬದಲಿಸಿದ ನಮ್ಮದು. ಫೈಲು ಬೇರೆಯವರಿಗೆ ಕೊಡುವ ಮೊದಲು ತಾರೀಖು ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ. ಮೂಲ ವಹಿಯನ್ನು ಅಂಗಡಿಯಿಂದ ಹೊರಗೆ ಕೊಡಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮನೆಯಲ್ಲಿ ಓದುವ ಹೆಣ್ಣುಮಗಳಿದ್ದರೆ, ನಾವು ಆಡಿದ ಮಾತನ್ನು ನೀವು ಆಡಬೇಡಿ.