ಪಟ್ಟನಾಯಕನಹಳ್ಳಿಯ ಸುತ್ತಿನಲ್ಲಿ

ಪಟ್ಟನಾಯಕನಹಳ್ಳಿಗೆ ಜಾತ್ರೆಗೆಂದು ಬಂದ ನೆಂಟನು ಶ್ರೀ ಗುರುಗುಂಡಬ್ರಹ್ಮೇಶ್ವರಸ್ವಾಮಿಯ ಮಠದಲ್ಲಿ ದರ್ಶನ ಪ್ರಸಾದಗಳನ್ನು ಮುಗಿಸಿ, ಮರುದಿನ ಬೆಳಗ್ಗೆ ಜಗಲಿಯ ಮೇಲೆ ಕುಳಿತು, "ಭಾವ, ಈ ಸೀಮೆಯಲ್ಲಿ ನೋಡತಕ್ಕದ್ದೇನುಂಟು?" ಎಂದು ಕೇಳುವುದು ವಾಡಿಕೆ. ಯಜಮಾನನು ಕೊಡುವ ಉತ್ತರವೂ ವಾಡಿಕೆಯದೇ: "ಇಲ್ಲೇನಿದೆ ಭಾವ! ಕಲ್ಲು, ಜಾಲಿ, ಕಡಲೆಕಾಯಿ ಹೊಲ. ಬೇಲೂರಿಗೆ ಹೋಗಿಬನ್ನಿ." ತನ್ನ ಸೀಮೆಯನ್ನು ಹೀಗೆ ತಳ್ಳಿಹಾಕುವುದು ವಿನಯವೆಂದು ಅವನ ಭಾವನೆ. ವಿನಯಕ್ಕಿಂತ ಅಲಕ್ಷ್ಯವೇ ಇದರಲ್ಲಿ ಹೆಚ್ಚು. ಗ್ರೀಸ್ ದೇಶದ ನ್ಯಾಕ್ಸಸ್ ದ್ವೀಪದವರು, ಎರಡೂವರೆ ಸಾವಿರ ವರ್ಷಗಳ ಹಿಂದೆ ಅರ್ಧಕ್ಕೆ ನಿಂತುಹೋದ ಗುಡಿಯ ಅಮೃತಶಿಲೆಯ ಬಾಗಿಲುವಾಡವನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ಶಿರಾ ಸೀಮೆಯಲ್ಲಿ ತೋರಿಸತಕ್ಕ ವಸ್ತುಗಳಿಗೇನು ಬರವೇ?

ಶಿರಾ ಪಟ್ಟಣವನ್ನೇ ನೋಡೋಣ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಕೋಟೆಯನ್ನು ಆರಂಭಿಸಿದನು. ಬಿಜಾಪುರದವರು ಅದನ್ನು ಕಿತ್ತುಕೊಂಡರು. 1687ರಲ್ಲಿ ಮೊಗಲರು ಬಂದು ಶಿರಾವನ್ನು ಸುಬೆಯ ರಾಜಧಾನಿಯಾಗಿ ಮಾಡಿದರು. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಇಂದಿಗೂ ನಿಂತಿವೆ. ದಿಲಾವರಖಾನನ ಅರಮನೆಯಾದರೋ ಹೋಯಿತು. ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಅದೇ ಮಾದರಿಯಾಯಿತೆಂಬ ಮಾತುಂಟು. ಟಿಪ್ಪುವು ಗಂಜಾಮನ್ನು ತುಂಬಿಸುವುದಕ್ಕಾಗಿ ಇಲ್ಲಿಂದ 12,000 ಸಂಸಾರಗಳನ್ನು ಬಲವಂತವಾಗಿ ಸಾಗಿಸಿದನೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಗೋರಿಯ ಗುಮ್ಮಟವನ್ನು ಹೊಗಳಿ ಹಿಂದಿರುಗುವ ಪ್ರವಾಸಿಯು, ಬಾಗಿಲಿಗೆ ಬೀಗವಿಕ್ಕಿ ಗಾಡಿಯೇರಿದ ಆ ಜನರನ್ನು ಒಂದು ಗಳಿಗೆ ನೆನೆದರೆ ಪಟ್ಟಣವು ಬೇರೆಯಾಗಿಯೇ ಕಾಣುವುದು.

ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಹೊಗಳಿಕೆ ಬೇಕಿಲ್ಲ; ದೂರದಿಂದಲೇ ಅದು ತನ್ನನ್ನು ತಾನು ತೋರಿಸಿಕೊಳ್ಳುತ್ತದೆ. ಬಂಡೆ ಕಾಯುವ ಮುನ್ನ, ಬೆಳಗಿನ ಜಾವದಲ್ಲಿಯೇ ಹತ್ತತಕ್ಕದ್ದು. ಪಾವಗಡದ ಕಡೆ ನಿಡುಗಲ್ಲು ಚೋಳರ ದುರ್ಗ, ಕೊರಟಗೆರೆಯ ಕಡೆ ಸಿದ್ಧರಬೆಟ್ಟ, ತುಮಕೂರಿನ ದಾರಿಯಲ್ಲಿ ಸೀಬಿಯ ನರಸಿಂಹದೇವಾಲಯದ ಬಣ್ಣದ ಚಿತ್ರಗಳು: ಇವು ಒಂದೊಂದಕ್ಕೂ ಒಂದೊಂದು ದಿನ ಬೇಕು.

ಒಂದೇ ದಿನವುಳ್ಳವನು ಕಗ್ಗಲಡುವಿಗೆ ಹೋಗಲಿ. ಶಿರಾಕ್ಕೆ ಸಮೀಪದ ಸಣ್ಣ ಹಳ್ಳಿ ಅದು. ಅಲ್ಲಿ ಕೋಟೆಯಿಲ್ಲ, ಶಾಸನದ ಹೆಸರಿಲ್ಲ. ಮನೆಗಳ ನಡುವಣ ಹುಣಿಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ನೂರಾರು ಗೂಡು ಕಟ್ಟುತ್ತವೆ, ಬೂದುಬಕಗಳೂ ಜತೆಗಿರುವುವು. ಕೊಕ್ಕರೆಯ ರೆಕ್ಕೆಯ ತುದಿ ಕಪ್ಪು, ಬಾಲದ ಬಳಿ ಗುಲಾಬಿಯ ಛಾಯೆ, ಉದ್ದವಾದ ಹಳದಿಯ ಕೊಕ್ಕು. ಅವು ಕೆರೆಕುಂಟೆಗಳಿಂದ ಮೀನು ತಂದು ಮರಿಗಳ ಮುಂದೆ ಕಾರುವಾಗ ಕೊಂಬೆಕೊಂಬೆಯಲ್ಲಿಯೂ ಗದ್ದಲ. ನಾತವೂ ಕಡಮೆಯಲ್ಲ, ಪ್ರವಾಸಗ್ರಂಥಗಳು ಬಿಟ್ಟುಬಿಡುವ ಈ ಸಂಗತಿಯನ್ನು ಇಲ್ಲಿ ಬಿಡತಕ್ಕದ್ದಲ್ಲ. ಸುಣ್ಣ ಬಳಿದಂತೆ ಹಿಕ್ಕೆ ಬಿದ್ದ ಅಂಗಳವನ್ನು ಗುಡಿಸತಕ್ಕವರು ಆ ಮನೆಯ ಹೆಂಗಸರು.

ಹಕ್ಕಿಯು ಗೂಡು ಕಟ್ಟುವ ಕಾಲವೂ ಹುಣಿಸೆಹಣ್ಣು ಬಡಿಯುವ ಕಾಲವೂ ಒಂದರ ಮೇಲೊಂದು ಬರುವುವು. ಮಳೆಯನ್ನು ನಂಬಿ ಬದುಕುವ ಒಕ್ಕಲಿಗೆ ಹುಣಿಸೆಯ ಹಣವೆಂದರೆ ಸಣ್ಣದೇನಲ್ಲ. ಆದರೂ ಗೂಡಿರುವ ಮರಕ್ಕೆ ಇಲ್ಲಿ ಕೋಲು ತಾಗಿಸುವುದಿಲ್ಲ. ಯಾವ ಸರಕಾರಿ ಹುಕುಮೂ ಬರುವುದಕ್ಕೆ ಮುಂಚಿನಿಂದಲೇ ಊರವರು ಈ ಕಟ್ಟಳೆಯನ್ನು ತಾವಾಗಿ ನಡೆಸಿಕೊಂಡು ಬಂದರು.

ಹೋಗತಕ್ಕವರು ಮಾಘದಿಂದಾಚೆಗೆ ಹೋಗಬೇಕು. ಮಕ್ಕಳನ್ನು ಕರೆದೊಯ್ದರೆ ಚಪ್ಪಾಳೆ ತಟ್ಟಗೊಡಬಾರದು. ಬೆದರಿದ ಹಕ್ಕಿ ಎದ್ದರೆ ಮೊಟ್ಟೆಗಳು ಬಿಸಿಲಿಗೆ ಬೀಳುವುವು. ಯಾರಾದರೂ ಜಗಲಿಗೆ ಕರೆದು ಮಜ್ಜಿಗೆ ಕೊಟ್ಟರೆ ಬೇಡವೆನ್ನದೆ ಕುಡಿಯಲಿ. ಸಂಜೆಗೆ ಪಟ್ಟನಾಯಕನಹಳ್ಳಿಗೆ ಹಿಂದಿರುಗಿದ ಮೇಲೆ, ಮುಂದಿನ ಸಾರಿ ಭಾವನನ್ನೂ ಜತೆಗೆ ಹೊರಡಿಸಲಿ. ಇಷ್ಟು ವರ್ಷ ಅದೇ ಸೀಮೆಯಲ್ಲಿದ್ದೂ ಅವನು ಅದನ್ನು ಕಂಡಿರಲಾರನು.