ಹಾರ್ನ್ ಯಾಕೆ ಮಾರಾಯ್ರೆ?

ಗುರುವಾಯನಕೆರೆ ಜಂಕ್ಷನ್ನಿನಲ್ಲಿ ಎದುರಿನ ಕಾರು ಆಫ್ ಆದದ್ದೇ ತಡ, ಹಿಂದಿನವರ ಕೈ ಹಾರ್ನಿನ ಮೇಲೆ. ಗಾಜಿನಲ್ಲಿ ಕೆಂಪು ‘ಎಲ್’ ಕಂಡರಂತೂ ಇನ್ನೂ ಎರಡು ಹೆಚ್ಚು. ಹಾರ್ನಿನಿಂದ ಸ್ಟಾರ್ಟ್ ಆದ ಎಂಜಿನನ್ನು ನಾನಂತೂ ಕಂಡಿಲ್ಲ.

ಬಂಟ್ವಾಳ, ಬೆಳ್ತಂಗಡಿ ಕಡೆ ಕಾರು ಕಲಿಯುವವರ ಪಾಡು ಬಯಲುಸೀಮೆಯವರಿಗೆ ತಿಳಿಯದು. ಮನೆ ಕೆಳಗೆ, ಅಡಿಕೆ ತೋಟದ ಬದಿಗೆ. ರಸ್ತೆ ಮೇಲೆ, ಗುಡ್ಡದ ನೆತ್ತಿಗೆ. ಮಾಸ್ಟ್ರು ಸಮತಟ್ಟು ಮೈದಾನದಲ್ಲಿ ಎಂಟು ಹಾಕಿಸಿ ಲೈಸನ್ಸ್ ಕೊಡಿಸಿರುತ್ತಾರೆ. ಕೆಎ-70ರ ಹೊಸ ಕಾರು ಅಂಗಳಕ್ಕೆ ಬಂದ ಮೇಲೆ ಚಡಾವಿನ ದರ್ಶನ. ಹಾಫ್ ಕ್ಲಚ್ಚಿನಲ್ಲಿ ಎಂಜಿನ್ನಿನ ಸದ್ದು ತಗ್ಗಬೇಕು, ಬಾನೆಟ್ಟು ತುಸು ತಲೆಯೆತ್ತಬೇಕು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ತಂಗಿ ಇಷ್ಟಕ್ಕೆ ಒದ್ದಾಡುವಾಗ, ಜನ್ಮದಲ್ಲಿ ಸೈಕಲ್ಲು ಬಿಟ್ಟು ಬೇರೇನನ್ನೂ ಓಡಿಸದ ದೊಡ್ಡಪ್ಪ ಜಗಲಿಯಿಂದಲೇ, “ಮೆಲ್ಲ ಬಿಡು ಮಗಾ, ಮೆಲ್ಲ!”

ಹಿಂದೆ ಹೀಗಿರಲಿಲ್ಲ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಸಿ.ಪಿ.ಸಿ., ಮಂಗಳೂರು–ಬಂಟ್ವಾಳದ ನಡುವೆ ಬಸ್ಸು ಬಿಟ್ಟಿತು. ಜಿಲ್ಲೆಯ ಖಾಸಗಿ ಬಸ್ಸುಗಳ ಕಥೆ ಶುರುವಾಗುವುದೇ ಅಲ್ಲಿಂದ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕಿಗೇ ಬಂದಿತ್ತು, ಆದರೆ ನಮ್ಮ ದಾರಿಗಳಲ್ಲಿ ಹ್ಯಾಂಡಲಿನ ಕಾಲ ಬಹಳ ವರ್ಷ ನಡೆಯಿತು. ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸುವವನು ಕ್ಲೀನರ್. ಅದನ್ನು ಮುಷ್ಟಿ ಕಟ್ಟಿ ಹಿಡಿಯುವಂತಿಲ್ಲ, ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಬೇಕು. ಇಲ್ಲವಾದರೆ ಎಂಜಿನ್ ತಿರುಗಿ ಒದ್ದಾಗ ಮಣಿಕಟ್ಟು ಹೋಯಿತೆಂದೇ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡಿದವು. ಹಂಡೆಯಂಥ ಒಲೆಗೆ ಇದ್ದಲು ತುಂಬಿ, ಬೆಂಕಿ ಕೊಟ್ಟು, ಗಾಳಿ ಹಾಕುವ ಚಕ್ರ ತಿರುಗಿಸಿ ಗ್ಯಾಸು ಹುಟ್ಟಿಸುವುದೂ ಕ್ಲೀನರನ ಪಾಲಿಗೇ. ಅಷ್ಟು ಹೊತ್ತು ಜನ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರು. ಏರಿನಲ್ಲಿ ದಮ್ಮು ಸಾಲದಿದ್ದರೆ ಇಳಿದು ನೂಕುತ್ತಿದ್ದರು. ಟಿಕೇಟು ಕೊಂಡವರೇ!

ಹೊರಡಿಸುವುದು ಒಬ್ಬನ ಕೆಲಸ, ಓಡಿಸುವುದು ಇನ್ನೊಬ್ಬನದು: ಈ ಏರ್ಪಾಡು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಓಡತೊಡಗಿದ ಕಾರನ್ನು ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಯಾರೂ ಮುಟ್ಟಿಸಿಯಾರು, ದಾರಿಯ ತಿರುವುಗಳೇ ಕಲಿಸುತ್ತವೆ. ಕಷ್ಟವಿರುವುದು ನಿಂತದ್ದನ್ನು ಅಲುಗಿಸುವುದರಲ್ಲಿ. ಕ್ಲೀನರನಾಗಿ ಮಸಿ ಬಳಿದುಕೊಂಡ ಎಷ್ಟೋ ಹುಡುಗರಿಗೆ ಸ್ಟೇರಿಂಗು ಸಿಕ್ಕಿದ್ದು ಆಮೇಲೆ. ಈಗ ಮೊದಲ ದಿನವೇ ಸ್ಟೇರಿಂಗು. ಹೊರಡಿಸುವ ವಿದ್ಯೆಯನ್ನು ಚಡಾವಿನ ನಡುವೆ, ಧರ್ಮಸ್ಥಳದ ಬಸ್ಸು ಬೆನ್ನಿಗೆ ಬಂದು ನಿಂತಿರುವಾಗ, ಒಬ್ಬಳೇ ಕಲಿಯಬೇಕು.

ಚಿಕ್ಕಪ್ಪನ ಮಗಳು ಕ್ಲಚ್ಚೇ ಇಲ್ಲದ ಕಾರು ತಂದಿದ್ದಾಳೆ. ಬ್ರೇಕ್ ಬಿಟ್ಟರೂ ಏರಿನಲ್ಲಿ ತುಸು ಹೊತ್ತು ಹಿಂದೆ ಜಾರದು. ಮೊನ್ನೆ ಅಂಗಳದಿಂದ ಒಂದೇ ಉಸಿರಿಗೆ ರಸ್ತೆಗೆ ಏರಿಸಿದಳು. ದೊಡ್ಡಪ್ಪನಿಗೆ ಬಾಯಿ ತೆರೆಯಲು ಪುರುಸೊತ್ತೇ ಸಿಗಲಿಲ್ಲ. “ಇದೂ ಒಂದು ಡ್ರೈವಿಂಗಾ?” ಎಂದು ಒಳಗೆ ಹೋದರು.