ಬಿಟ್ಟು ಹೋಗಲಾಗದವರ ಲೆಕ್ಕ

ಒಂದು ಗುಂಪು ಗಟ್ಟಿಯಾಗಿದೆಯಾ ಅಂತ ತಿಳಿಯೋಕೆ ಗೇಮ್ ಥಿಯರಿ ಕೇಳೋ ಪ್ರಶ್ನೆ ಸರಳ. ಅದರಲ್ಲಿರೋ ಒಬ್ಬರೋ, ನಾಲ್ಕು ಜನ ಸೇರಿಯೋ ಹೊರಗೆ ಹೋದರೆ ಈಗಿಗಿಂತ ಚೆನ್ನಾಗಿರ್ತಾರಾ? ಹೌದು ಅಂದ್ರೆ ಗುಂಪು ಇವತ್ತಲ್ಲ ನಾಳೆ ಒಡೆಯುತ್ತೆ. ಯಾರಿಗೂ ಹೊರಗೆ ಹೋಗೋದ್ರಿಂದ ಲಾಭ ಇಲ್ಲದಂಥ ಹಂಚಿಕೆಗಳಿಗೆ 'ಕೋರ್' ಅಂತಾರೆ.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಜಿಲ್ಲೆ. 1997ರ ಆಗಸ್ಟ್ 15ಕ್ಕೆ, ಚನ್ನಗಿರಿ ಕಡೆಯವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಆಯ್ತು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು; ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ; ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಮನೆ ಮಕ್ಕಳು ಒಂದೇ ಸೂರಿನಡಿ.

2013ರಲ್ಲಿ 371(ಜೆ) ಜಾರಿಯಾಗಿ, ಬಳ್ಳಾರಿ ಸೇರಿದಂತೆ ಹೈದರಾಬಾದ್ ಕರ್ನಾಟಕಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂತು. ಹರಪನಹಳ್ಳಿಗೆ ಹಳೇ ಮನೆಯೇ ಲಾಭ ಅನ್ನಿಸಿತು. 2018ರಲ್ಲಿ ಬಳ್ಳಾರಿಗೆ ವಾಪಸ್ ಹೋಯ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಯಾರೂ ಯಾರಿಗೂ ದ್ರೋಹ ಮಾಡಲಿಲ್ಲ, ಹೊರಗಿನ ಬಾಗಿಲು ತೆರೀತು ಅಷ್ಟೇ. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯ್ತು. ಅದು ಬೇರೆ ಒಲೆ ಹೂಡಿತೇ ಹೊರತು ಊರು ಬಿಡಲಿಲ್ಲ.

ನಾನು ಜಗಳೂರಿನವನು. ಚನ್ನಗಿರಿಯ ದೊಡ್ಡಮ್ಮನ ಮನೆಗೆ ಹೋದರೆ ಅಡಿಕೆ ತೋಟ, ಹೊನ್ನಾಳಿ ಕಡೆ ಭದ್ರಾ ಕಾಲುವೆ ನೀರಿನ ಗದ್ದೆ. ನಮ್ಮಲ್ಲಿ ಬೋರ್‌ವೆಲ್ ಕೊರೆಸೋ ಲಾರಿ ಸದ್ದು, ಭದ್ರಾ ಮೇಲ್ದಂಡೆಯ ನೀರಿಗೆ ಕಾಯೋದು. ಹಾಗಾದ್ರೆ ನಾವ್ಯಾಕೆ ಜಿಲ್ಲೆ ಬಿಟ್ಟಿಲ್ಲ? ಬಿಟ್ಟು ಎಲ್ಲಿಗೆ ಹೋಗೋದು? ಚಿತ್ರದುರ್ಗಕ್ಕೆ ಹೋದರೂ ಅದೇ ಬರ.

ಕೋರ್‌ಗೆ ಈ ವ್ಯತ್ಯಾಸ ಕಾಣಲ್ಲ. ಖುಷಿಯಾಗಿ ಉಳಿದವರೂ, ದಾರಿಯಿಲ್ಲದೆ ಉಳಿದವರೂ ಅದಕ್ಕೆ ಒಂದೇ. 2012ರಲ್ಲಿ ನೊಬೆಲ್ ಪಡೆದ ಲಾಯ್ಡ್ ಶೇಪ್ಲಿ 1953ರಲ್ಲೇ ಇನ್ನೊಂದು ಲೆಕ್ಕ ಕೊಟ್ಟಿದ್ದ: ಒಬ್ಬೊಬ್ಬರು ಸೇರಿದಾಗ ಗುಂಪಿಗೆ ಎಷ್ಟು ಹೆಚ್ಚಾಯ್ತೋ ಅದನ್ನ ನೋಡಿ ಪಾಲು ಹಂಚೋದು. ನ್ಯಾಯವಾಗೇ ಕಾಣುತ್ತೆ. ಆದರೆ ಮಳೆಯೇ ಬಾರದ ಊರಿನ ಹೆಸರಿನ ಮುಂದೆ ಎಷ್ಟು ಅಂತ ಬರೆಯೋದು? ಯಾರು ಹೋಗಬಲ್ಲರು, ಯಾರು ಏನು ತಂದರು ಅನ್ನೋ ಎರಡು ಪ್ರಶ್ನೆ ಆದಮೇಲೂ, ಯಾರಿಗೆ ಏನು ಬೇಕು ಅನ್ನೋದು ಉಳಿದೇ ಇರುತ್ತೆ.

ನಮ್ಮ ಆಫೀಸುಗಳಲ್ಲೂ ಇದೇ ಕಥೆ. 'ಎರಡು ವರ್ಷದಿಂದ ಒಬ್ಬರೂ ಪೇಪರ್ ಹಾಕಿಲ್ಲ, ನಮ್ಮ ಟೀಮ್ ತುಂಬಾ ಸ್ಟೇಬಲ್' ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ನನಗೆ ಕೇಳಬೇಕನ್ನಿಸೋದು ಒಂದೇ: ಅವರಲ್ಲಿ ಎಷ್ಟು ಜನಕ್ಕೆ ಹೋಮ್ ಲೋನ್ ಇದೆ ಸಾರ್?